ಫುಮಿಕೊ ಹೇಳಿದ ಯೆಸ್

ಚೆನ್ನೈನ ಟಿ. ನಗರದ ನಮ್ಮ ಹೋಟೆಲಿನ ಮಹಡಿಯಲ್ಲೊಂದು ಹಾಲ್ ಇದೆ. ಶನಿವಾರ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಅಲ್ಲಿಗೆ ಜಪಾನಿನವರು ಇಂಗ್ಲಿಷ್ ಮಾತಾಡಲು ಬರುತ್ತಾರೆ. ಶೋಳಿಂಗನಲ್ಲೂರಿನ ಕಡೆ ಕಂಪನಿ ಕೆಲಸದವರು, ಅವರ ಹೆಂಡಂದಿರು. ಇದನ್ನು ಶುರು ಮಾಡಿದ್ದು ಊರ್ಮಿಳಾ ಮೇಡಂ. ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದವರು, ನಮ್ಮ ಕನ್ನಡದವರೇ. ಒಬ್ಬ ಜಪಾನಿನವರ ಎದುರು ಒಬ್ಬ ಊರಿನವರು ಕೂತು ಇಂಗ್ಲಿಷಿನಲ್ಲಿ ಹರಟಬೇಕು. ಆಮೇಲೆ ಅವರು ಕಾಗದ ಮಡಚಿ ಕೊಕ್ಕರೆ ಮಾಡಿ ತೋರಿಸುತ್ತಾರೆ, ನಾವು ಮಲ್ಲಿಗೆ ಕಟ್ಟುವುದನ್ನು ತೋರಿಸುತ್ತೇವೆ. ಬುಧವಾರ ಮೇಡಂ ಅವರಿಗಷ್ಟೇ ಗ್ರಾಮರ್ ಕ್ಲಾಸು ಮಾಡುತ್ತಾರೆ.

ನಾನು ಗುಣವತಿ. ಉಡುಪಿ ಕಡೆಯವಳು, ಈ ಹೋಟೆಲಿನಲ್ಲಿ ತರಕಾರಿ ಹೆಚ್ಚುತ್ತೇನೆ. ಓದಿದ್ದು ಮೂರನೇ ಕ್ಲಾಸು. ಅದೂ ನಮ್ಮ ಮಾಷ್ಟ್ರನ್ನು ಹುಲಿ ಎತ್ತಿಕೊಂಡು ಹೋದದ್ದರಿಂದ ನಿಂತುಹೋಯಿತು. ಹುಲಿಗೆ ಮಗ್ಗಿ ಚೆನ್ನಾಗಿ ಬರುತ್ತಿತ್ತು, ಆದರೆ ಪಾಠ ಮಾಡಲು ಒಪ್ಪಲಿಲ್ಲ.

ಒಂದು ಶನಿವಾರ ಕಾಫಿ ಹಿಡಿದುಕೊಂಡು ಮೇಲೆ ಹೋದವಳನ್ನು ಊರ್ಮಿಳಾ ಮೇಡಂ ತಡೆದರು.

"ಗುಣವತಿಯಕ್ಕ, ಇವಳ ಎದುರು ಸ್ವಲ್ಪ ಕೂತ್ಕೊಳ್ಳಿ. ಇವತ್ತು ಒಬ್ಬರು ಬಂದಿಲ್ಲ."

"ನಂಗೆ ಎಂತ ಇಂಗ್ಲಿಷ್ ಬರ್ತದೆ ಮೇಡಂ? ಪ್ಲೇಟು, ಗ್ಲಾಸು, ಬಿಲ್ಲು."

"ಸಾಕು. ಚೆನ್ನಾಗಿ ಮಾತಾಡೋರನ್ನ ಕಂಡ್ರೆ ಇವಳಿಗೆ ಬಾಯೇ ಬರಲ್ಲ."

ಹಾಗೆ ಫುಮಿಕೊ ನನಗೆ ಸಿಕ್ಕಿದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಕಾಫಿ ಮುಂದಿಟ್ಟು, "ಶುಗರ್ ನಾಟ್ ವಾಂಟ್?" ಎಂದೆ. "ಯೆಸ್" ಎಂದಳು. ನಾನು ಸಕ್ಕರೆ ಡಬ್ಬಿ ವಾಪಸ್ ತೆಗೆದೆ. ಅವಳು ಸಂತೋಷವಾಗಿ ಕುಡಿದಳು. ಸಕ್ಕರೆ ಬೇಡ್ವಾ ಎಂದು ಕೇಳಿದಾಗ ನಾವು ಹೂಂ ಎಂದರೆ ಬೇಡ ಎಂದೇ ಅರ್ಥ. ಅವರ ಭಾಷೆಯಲ್ಲೂ ಹಾಗೆಯೇ ಅಂತೆ. ಪಕ್ಕದ ಮೇಜಿನ ಇಂಜಿನಿಯರ್ ಸೂರಜ್ ಮಾತ್ರ, "ಅಯ್ಯೋ, ಅವರು ಬೇಕು ಅಂದ್ರಲ್ಲ ಅಕ್ಕಾ!" ಎಂದು ಗಾಬರಿಯಾದ. ಅವನ ಇಂಗ್ಲಿಷ್ ಅಷ್ಟು ಚೆನ್ನಾಗಿತ್ತು, ಪಾಪ.

ಆಮೇಲೆ ಪ್ರತಿ ಶನಿವಾರ ಆ ಕುರ್ಚಿ ನನ್ನದೇ ಆಯಿತು. ಅವಳು ನನ್ನನ್ನು ಗುಣಾ-ಸಾನ್ ಎನ್ನುತ್ತಿದ್ದಳು, ನಮ್ಮಲ್ಲಿ ಗುಣಕ್ಕ ಎಂದ ಹಾಗೆ; ನಾನು ಫುಮಿ ಎನ್ನುತ್ತಿದ್ದೆ. ನಾನು ಕೈ, ಕಣ್ಣು, ಬಾಯಿ ಎಲ್ಲ ಸೇರಿಸಿ ಕತೆ ಹೇಳುತ್ತಿದ್ದೆ. ಮೇ ತಿಂಗಳ ಬಿಸಿಲಿನಲ್ಲಿ ಇಲ್ಲಿನ ಫ್ಲೈಓವರ್ ಮೇಲೆ ಹಿಟ್ಟು ಹೊಯ್ದು ದೋಸೆ ಎಬ್ಬಿಸಿದ್ದು, ಅದರ ಮೇಲೆ ಬಸ್ಸಿನ ಟೈರಿನ ಅಚ್ಚು ಬಿದ್ದದ್ದು, ಆ ಅಚ್ಚಿನ ದೋಸೆಯೇ ಬೇಕೆಂದು ಗಿರಾಕಿಗಳು ಹಟ ಹಿಡಿದದ್ದು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನನಗೆ ಮಾತು ಸಿಗದೆ ತಡವರಿಸಿದರೆ, ಅದು ಬರುವವರೆಗೂ ಸುಮ್ಮನೆ ಕಾಯುತ್ತಿದ್ದಳು. ಹಾಗೆ ಕಾಯುವವರು ಎಷ್ಟು ಜನ ಸಿಗುತ್ತಾರೆ? ಅಡಿಗೆಮನೆಯಲ್ಲಿ ನಾನು ಬಾಯಿ ತೆರೆದರೆ, "ಶುರುವಾಯ್ತು ಬುರುಡೆ" ಎಂದು ನಮ್ಮ ಚಂದ್ರಮತಿ ಮಿಕ್ಸಿ ಹಾಕುತ್ತಾಳೆ.

ಒಂದು ದಿನ ಫುಮಿಕೊ ತನ್ನ ಊರಿನ ಕತೆ ಹೇಳಿದಳು. ಚಳಿಗಾಲದಲ್ಲಿ ಮಂಜು ಬಿದ್ದು ಬಾಗಿಲು ಮುಚ್ಚಿಹೋಗುತ್ತದಂತೆ, ಮಹಡಿಯ ಕಿಟಕಿಯಿಂದ ಹೊರಗೆ ನಡೆದು ಹೋಗುತ್ತಾರಂತೆ. ಅಬ್ಬ, ಇವಳು ನನಗಿಂತ ಒಂದು ಕೈ ಮೇಲೆ ಎಂದು ಖುಷಿಯಾಯಿತು. ಊರ್ಮಿಳಾ ಮೇಡಂ ಅದು ನಿಜ ಎಂದುಬಿಟ್ಟರು. ನನಗೆ ಬೇಸರವೇ ಆಯಿತು.

ಈ ವರ್ಷ ಬೇಸಿಗೆ ಶುರುವಾಗುವಾಗ ಅವಳ ಗಂಡನಿಗೆ ಜಪಾನಿಗೆ ವರ್ಗವಾಯಿತು. ಮುಂದಿನ ಶನಿವಾರ ಸಂಜೆ ವಿಮಾನ ಎಂದು ಕ್ಲಾಸು ಮುಗಿಯುವ ಹೊತ್ತಿಗೆ ಹೇಳಿದಳು. ಹೋಗುವ ಮೊದಲು ಒಂದು ಸಲ ಸರಿಯಾಗಿ ಕೂತು ಮಾತಾಡಬೇಕು. ಆದರೆ ವಿಮಾನದ ದಿನ ಪೆಟ್ಟಿಗೆ ಕಟ್ಟುವುದು ಬಿಟ್ಟು ಇಲ್ಲಿಗೆ ಯಾರು ಬರುತ್ತಾರೆ?

"ಫುಮಿ, ಸ್ಯಾಟರ್ಡೇ ಯು ನಾಟ್ ಕಮಿಂಗ್?"

"ಯೆಸ್!" ಎಂದಳು. ಮುಖ ತುಂಬ ನಗು.

ಬರುವುದಿಲ್ಲ ಎನ್ನುವುದನ್ನು ಇಷ್ಟು ನಗುನಗುತ್ತಾ ಹೇಳುವುದೇ? ಕಾಫಿ ಲೋಟಗಳನ್ನು ಎತ್ತಿಕೊಂಡು ಕೆಳಗಿಳಿದೆ. ಒಂದು ವಾರ ನಾನು ಯಾವ ಕತೆಯನ್ನೂ ಹೇಳಲಿಲ್ಲ. ಹುಷಾರಿಲ್ಲವೇ ಎಂದು ಚಂದ್ರಮತಿಯೇ ಕೇಳಿದಳು.

ಆ ಶನಿವಾರ ಚಂದ್ರಮತಿಯ ಮಗಳ ಸೀಮಂತಕ್ಕೆ ಬಳೆ ತರಲು ಅವಳ ಜೊತೆ ಸೌಕಾರ್‌ಪೇಟೆಗೆ ಹೋದೆ. ಹೋಟೆಲಿನಲ್ಲಿದ್ದರೆ ಆ ಖಾಲಿ ಕುರ್ಚಿ ನೋಡಬೇಕಾಗುತ್ತಿತ್ತು. ಹಸಿರು ಬಳೆ ಆರಿಸುತ್ತಿದ್ದಾಗ ಊರ್ಮಿಳಾ ಮೇಡಂ ಫೋನ್ ಬಂತು.

"ಎಲ್ಲಿದ್ದೀರಿ ಅಕ್ಕಾ? ಫುಮಿಕೊ ಆಗಿನಿಂದ ಕಾಯ್ತಾ ಇದ್ದಾಳೆ!"

"ಅವಳು ಬರುದಿಲ್ಲ ಅಂದಳಲ್ಲ?"

"ಏನಂದಳು ಸರಿಯಾಗಿ ಹೇಳಿ."

"ನಾಟ್ ಕಮಿಂಗಾ ಕೇಳಿದೆ. ಯೆಸ್ ಅಂದಳು."

ಮೇಡಂ ಸಣ್ಣ ದನಿಯಲ್ಲಿ, "ಬರ್ತೀನಿ ಅಂತ ಹೇಳಿದ್ದಾಳೆ ಅಕ್ಕಾ. ಕೇಳೋದು ಹೇಗೇ ಕೇಳ್ಲಿ, ಬರೋದಾದ್ರೆ ಯೆಸ್ ಅನ್ನು, ಬರದಿದ್ರೆ ನೋ ಅನ್ನು ಅಂತ ಅದಕ್ಕೆ ಮೊದಲಿನ ಬುಧವಾರದ ಕ್ಲಾಸಲ್ಲಿ ನಾನೇ ತಿದ್ದಿದ್ದು" ಎಂದರು.

ತಪ್ಪು ಇಂಗ್ಲಿಷಿನಲ್ಲಿ ನಮಗಿಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. ಅವಳೊಬ್ಬಳು ಸರಿಯಾದದ್ದನ್ನು ಕಲಿತಳು, ನಾನು ಹಳೆಯದರಲ್ಲೇ ಉಳಿದೆ. ಯಾರನ್ನು ಬೈಯುವುದು?

"ಬಳೆ ನೀನೇ ತಕ್ಕೋ ಮಾರಾಯ್ತಿ" ಎಂದು ಓಡಿದೆ. ಸಿಕ್ಕ ಆಟೋ ಹತ್ತಿದೆ. ಸೌಕಾರ್‌ಪೇಟೆಯ ಗಲ್ಲಿಗಳಲ್ಲಿ ಕೈಗಾಡಿ, ಹಸು, ಬಟ್ಟೆಯ ಮೂಟೆ ಎಲ್ಲ ದಾಟಿ ಮೌಂಟ್ ರೋಡಿಗೆ ಬಂದರೆ ಅಲ್ಲಿ ಗಾಡಿಗಳು ಅಲ್ಲಾಡುತ್ತಿಲ್ಲ. ತೇನಾಂಪೇಟೆ ಸಿಗ್ನಲಿನಲ್ಲಿ ಮತ್ತೆ ಫೋನ್.

"ಇನ್ನು ತಡ ಮಾಡಿದ್ರೆ ವಿಮಾನ ತಪ್ಪುತ್ತೆ ಅಂತ ಅವಳ ಗಂಡ ಕರ್ಕೊಂಡು ಹೋದ್ರು ಅಕ್ಕಾ. ಏರ್‌ಪೋರ್ಟ್ ದಾರಿಯಲ್ಲಿ ಗಿಂಡಿ ಏರಿಯಾ ದಾಟಿರಬೇಕು. ಲೈನ್ ಸೇರಿಸ್ತೀನಿ, ಮಾತಾಡಿ."

ನನಗೆ ಭಯವಾಯಿತು. ಫೋನಿನಲ್ಲಿ ಕೈ ಕಾಣುವುದಿಲ್ಲ, ಮುಖ ಕಾಣುವುದಿಲ್ಲ. ಇರುವುದು ಮಾತು ಮಾತ್ರ, ಅದೇ ನಮ್ಮಿಬ್ಬರಲ್ಲೂ ಕಡಿಮೆ.

"ಗುಣಾ-ಸಾನ್?" ದನಿ ಸಣ್ಣಗೆ ಕೇಳಿತು.

ಯು ನಾಟ್ ಆಂಗ್ರಿ ಎನ್ನಲು ಬಾಯಿ ತೆರೆದವಳು ನುಂಗಿಕೊಂಡೆ. ನಾಟ್ ಹಾಕದೆ ಕೇಳಬೇಕು.

"ಫುಮಿ, ಯು ಆಂಗ್ರಿ?"

"ನೋ."

"ಯು ಸ್ಯಾಡ್?"

ಹಾರ್ನುಗಳ ಸದ್ದು ಮಾತ್ರ ಕೇಳಿಸಿತು. ಅವಳ ಕಡೆಯದೋ ನನ್ನ ಕಡೆಯದೋ ತಿಳಿಯಲಿಲ್ಲ. ಈ ಸಲ ಅವಳ ಮಾತು ಬರುವವರೆಗೆ ಕಾಯುವ ಸರದಿ ನನ್ನದು. ಕಾದೆ.

"ಯೆಸ್."

"ಮೀ ಆಲ್ಸೊ" ಎಂದೆ.

"ಗುಣಾ-ಸಾನ್, ಸ್ಟೋರಿ ಪ್ಲೀಸ್" ಎಂದಳು.

ಶುರು ಮಾಡಿದೆ. ಈ ಸಿಗ್ನಲಿನಲ್ಲಿ ನನ್ನ ಆಟೋ ನಾನು ಮದುವೆಯಾಗಿ ಬಂದ ದಿನದಿಂದ ನಿಂತಿದೆ. ಮುಂದಿನ ಬಸ್ಸಿನ ಡ್ರೈವರ್ ಬಸ್ಸಿನ ತಲೆಯ ಮೇಲೆ ಕರಿಬೇವಿನ ಗಿಡ ನೆಟ್ಟಿದ್ದಾನೆ, ನಮ್ಮ ಹೋಟೆಲಿಗೆ ಸೊಪ್ಪು ಬರುವುದು ಅಲ್ಲಿಂದಲೇ. ಪಕ್ಕದ ಕಾರಿನಲ್ಲಿ ಹುಟ್ಟಿದ ಮಗು ಈಗ ಅದೇ ಕಾರಿನ ಡ್ರೈವರ್, ಅವನಿಗೆ ಹಿಂದಿನ ಲಾರಿಯವರು ಹೆಣ್ಣು ಕೊಡುತ್ತಾರಂತೆ. ಹಾಲ್ ಸಿಕ್ಕಿಲ್ಲ, ಮದುವೆ ಈ ಆಟೋದಲ್ಲೇ. ಊಟಕ್ಕೆ ಎಲೆ ಹಾಕಿಯೂ ಆಗಿದೆ, ಹಸಿರು ದೀಪ ಬಂದುಬಿಟ್ಟರೆ ಎಂದು ಎಲ್ಲರಿಗೂ ಹೆದರಿಕೆ...

ಅವಳು ನಗುತ್ತಿದ್ದಳು. ಆಮೇಲೆ ಯಾರೋ ಕರೆದರು, ಕಾರಿನ ಬಾಗಿಲಿನ ಸದ್ದಾಯಿತು, ಲೈನ್ ಕಡಿಯಿತು.

ಆಟೋದವನು ಅಷ್ಟು ಹೊತ್ತೂ ಕಿವಿ ಕೊಟ್ಟಿದ್ದ. ನನ್ನ ಹರುಕು ಇಂಗ್ಲಿಷ್ ಅವನಿಗೂ ತಿಳಿದಿತ್ತು. ತಿರುಗಿ, "ಅಪ್ಪುರಂ ಎನ್ನ ಆಚ್ಚು ಅಕ್ಕಾ?" ಎಂದ. ಆಮೇಲೆ ಏನಾಯ್ತು ಎಂದು ಅವನಿಗೂ ಬೇಕಂತೆ.

"ನಿಂಗೆ ಹೇಳುದಿಲ್ಲ" ಎಂದೆ. "ಉಳಿದದ್ದು ಅವಳಿಗೆ. ನೀನು ಗಾಡಿ ಬಿಡು."