ಬೀದಿಗೊಂದು ಪುಟ

ಯಾವ ಬೀದಿಯಲ್ಲಿ ಏನು ಕಟ್ಟಬಹುದು, ಯಾವ ಕಸುಬು ನಡೆಸಬಹುದು ಎಂಬ ಪುರಸಭೆಯ ನಿಯಮಗಳೆಲ್ಲ ಕಲಸುಮೇಲೋಗರವಾಗಿದ್ದವು. ಯೋಜನಾಧಿಕಾರಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ಒಂದಕ್ಷರವನ್ನೂ ಬದಲಿಸದೆ, ಬೀದಿಗೊಂದು ಪುಟ ಮಾಡಿ ಅವನ್ನು ಜೋಡಿಸಿದ್ದಳು. ಹೊಸ ಪುಸ್ತಕ ಕೌಂಟರಿಗೆ ಬಂದ ಬೆಳಿಗ್ಗೆಯೇ ಹಲ್ಲಿನ ಡಾಕ್ಟರು ಹಿಗ್ಗುತ್ತ ಬಂದರು.

"ಎಷ್ಟು ಸಲೀಸಾಗಿದೆಯಮ್ಮಾ! ನಮ್ಮ ಬೀದಿ ಪುಟ ತೆಗೆದೆ, ಸಿಕ್ಕೇಬಿಡ್ತು. ಮನೆಗಳ ಮಧ್ಯೆ ವೆಲ್ಡಿಂಗ್ ಮಾಡೋ ಹಾಗಿಲ್ಲ. ಆ ಪಕ್ಕದ ಶೆಡ್ ಮುಚ್ಚಿಸಿ."

ಆ ಶೆಡ್ಡು ಅವಳ ತಮ್ಮನದು. ದೂರು ಬಂದ ಮೇಲೆ ನೋಟಿಸ್ ಕೊಡದೆ ವಿಧಿಯಿರಲಿಲ್ಲ. ಹಲ್ಲು ಕಚ್ಚಿ ಸಹಿ ಹಾಕಿದಳು.

ಮಧ್ಯಾಹ್ನ ತಮ್ಮನೇ ಮಸಿ ಮೆತ್ತಿದ ಕೈಯಲ್ಲಿ ನೋಟಿಸ್ ಹಿಡಿದು ಕೌಂಟರಿನ ಮುಂದೆ ನಿಂತ.

"ಇದು ಹಳೇ ಪುಸ್ತಕದಲ್ಲೂ ಇತ್ತೇನಕ್ಕ?"

"ಇತ್ತು ಕಣೋ. ಬೇಲಿ ಎತ್ತರದ ಅಧ್ಯಾಯದ ಕೊನೇಲಿ. ಯಾರ ಕಣ್ಣಿಗೂ ಬಿದ್ದಿರಲಿಲ್ಲ."

"ಅಲ್ಲೇ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವನು ಪುಸ್ತಕವನ್ನು ಸರಕ್ಕನೆ ಎಳೆದುಕೊಂಡು ಅದೇ ಪುಟ ತೆಗೆದ.

"ಡಾಕ್ಟರು ಮೂರನೇ ಮಹಡಿ ಎಬ್ಬಿಸಿದ್ದಾರಲ್ಲ, ಅದಕ್ಕೇನಿದೆ ನೋಡ್ತೀನಿ."

ಒಂದೇ ನಿಮಿಷದಲ್ಲಿ ಅವನಿಗೂ ಸಿಕ್ಕಿತು.