ಭಾವನ ಗ್ರಂಥಿ, ಭಾಮೈದನ ಗ್ರಂಥಿ

ಐವತ್ತೆಂಟು ವರ್ಷದ ಆತ ಬಂದರಿನಲ್ಲಿ ಕ್ರೇನ್ ಚಾಲಕ. ನಲವತ್ತು ಮೀಟರ್ ಎತ್ತರದ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಹಡಗಿನಿಂದ ಕಂಟೇನರ್ ಇಳಿಸುವುದು ಕೆಲಸ. ಎರಡು ವರ್ಷದಿಂದ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ, ಗಂಟೆಗೊಮ್ಮೆ ಮೂತ್ರಕ್ಕೆ ಅವಸರವಾಗುತ್ತಿತ್ತು. ಅವನು ಇಳಿದು ಮತ್ತೆ ಹತ್ತುವಷ್ಟರಲ್ಲಿ ಕೆಳಗೆ ಲಾರಿಗಳು ಸಾಲುಗಟ್ಟುತ್ತಿದ್ದವು. ಮಾತ್ರೆ ನುಂಗಿದರೆ ತಲೆ ಸುತ್ತುತ್ತಿತ್ತು; ಆ ಎತ್ತರದಲ್ಲಿ ಅದು ಆಗದ ಮಾತು.

ಹೆಂಡತಿಯ ತಮ್ಮನಿಗೂ ಇದೇ ತೊಂದರೆಯಿತ್ತು. ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಗ್ರಂಥಿಗೆ ಹೋಗುವ ರಕ್ತವನ್ನು ತಡೆದು ಅದನ್ನು ಕುಗ್ಗಿಸುವ ಚಿಕಿತ್ಸೆ ಮಾಡಿಸಿಕೊಂಡು ಅವನು ಗುಣವಾಗಿದ್ದ. "ಭಾವ, ಕೊಯ್ಯೋದಿಲ್ಲ, ಹೊಲಿಯೋದಿಲ್ಲ. ಮಾರನೇ ದಿನ ಮನೆಗೆ!" ಎಂದು ಸಿಕ್ಕಾಗಲೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಭಾವನನ್ನು ಅದೇ ಆಸ್ಪತ್ರೆಗೆ ಕರೆದೊಯ್ದವನೂ ಅವನೇ. ಅಕ್ಕನೂ ಜೊತೆಗೆ ಹೊರಟಳು.

ಚಿಕಿತ್ಸೆ ಮಾಡುವ ವೈದ್ಯೆ ಮೊದಲು ಎಂಆರ್‌ಐ ತೆಗೆಸಿದಳು.

"ನಂದೂ ಪಕ್ಕದಲ್ಲಿಟ್ಟು ತೋರಿಸಿ ಡಾಕ್ಟ್ರೇ, ನಂಗೇನೂ ನಾಚಿಕೆ ಇಲ್ಲ," ಎಂದ ಭಾಮೈದ.

ಪರದೆಯ ಮೇಲೆ ಎರಡು ಬೂದು ಚಿತ್ರಗಳು ಬಂದವು. ವೈದ್ಯೆ ಪೆನ್ನಿನ ತುದಿಯಿಂದ ತೋರಿಸಿದಳು.

"ಇವರದು ನೂರಹತ್ತು ಗ್ರಾಂ. ಒಳಗೆಲ್ಲ ರಕ್ತ ಕುಡಿಯೋ ಗಂಟುಗಳು. ರಕ್ತ ನಿಲ್ಲಿಸಿದ್ವಿ, ಕುಗ್ಗಿದ್ವು. ನಿಮ್ಮದು ನಲವತ್ತೇ ಗ್ರಾಂ. ಆದ್ರೆ ನಡುಭಾಗ ಮೂತ್ರಕೋಶದೊಳಗೆ ನುಗ್ಗಿ, ಬಾಯಿಗೆ ಬಿರಡೆ ಥರ ಕೂತಿದೆ."

"ಅಂದ್ರೆ ಗುಣ ಆಗಲ್ವಾ?"

"ಇಂಥ ಚಿತ್ರ ಇದ್ದೋರಲ್ಲಿ, ನಾನು ಕಂಡಂತೆ, ಹತ್ತರಲ್ಲಿ ನಾಲ್ವರಿಗೆ ಆಗಿದೆ. ನಾನು ಶಸ್ತ್ರಚಿಕಿತ್ಸೆನೇ ಮಾಡಿಸ್ಕೊಳ್ಳಿ ಅಂತೀನಿ."

ಶಸ್ತ್ರಚಿಕಿತ್ಸೆಯೆಂದರೆ ಆರು ವಾರ ಏಣಿ ಹತ್ತುವಂತಿಲ್ಲ. ಅಷ್ಟರಲ್ಲಿ ಕ್ರೇನು ಬೇರೆಯವರ ಪಾಲಾಗುತ್ತದೆ. ಅವನು ಆ ನಾಲ್ವರಲ್ಲಿ ತಾನೊಬ್ಬ ಎಂದುಕೊಂಡ.

"ರೀ, ನಿಮ್ಮ ಗ್ರಂಥಿ ನನ್ನ ತಮ್ಮನ ಮಾತು ಕೇಳುತ್ತಾ?" ಎಂದಳು ಹೆಂಡತಿ. ಅವನು ಆಗಲೇ ಒಪ್ಪಿಗೆಯ ಹಾಳೆಗೆ ಸಹಿ ಹಾಕುತ್ತಿದ್ದ.

ಚಿಕಿತ್ಸೆ ಯಾವ ಎಡವಟ್ಟೂ ಇಲ್ಲದೆ ಮುಗಿಯಿತು. ಮೂರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಗ್ರಂಥಿ ತುಸು ಕುಗ್ಗಿತ್ತು. ಬಿರಡೆ ಅಲ್ಲೇ ಇತ್ತು.

ಅದಾಗಿ ಹದಿನೈದು ದಿನಕ್ಕೆ, ಬೆಳಗಿನ ಪಾಳಿಯಲ್ಲಿ, ಮೂತ್ರ ಪೂರ್ತಿ ಕಟ್ಟಿಕೊಂಡಿತು. ಕೊಕ್ಕೆಯಲ್ಲಿ ಇಪ್ಪತ್ತು ಟನ್ ನೇತಾಡುತ್ತಿತ್ತು. ಕಿಬ್ಬೊಟ್ಟೆ ಕಲ್ಲಾಗಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಆದರೂ ಅವನು ಕಂಟೇನರನ್ನು ಲಾರಿಯ ಮೇಲೆ ಅಂಗುಲ ತಪ್ಪದಂತೆ ಇಳಿಸಿ, ಬ್ರೇಕ್ ಹಾಕಿ, ಆಮೇಲೆ ವೈರ್‌ಲೆಸ್ಸಿನಲ್ಲಿ "ಯಾರಾದ್ರೂ ಬನ್ನಿ, ನನ್ನ ಕೈಲಿ ಇಳಿಯೋಕಾಗಲ್ಲ" ಎಂದ. ಇಬ್ಬರು ಹತ್ತಿ, ಸೊಂಟಕ್ಕೆ ಪಟ್ಟಿ ಬಿಗಿದು, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಆಸ್ಪತ್ರೆಯಲ್ಲಿ ನಳಿಕೆ ಹಾಕಿದಾಗ ಒಂದು ಲೀಟರಿನ ಮೇಲೆ ಹೊರಬಂತು. ಅವನಿಗೆ ಅಳು ಬಂದದ್ದು ಆಗಲೇ.

ಆ ವಾರವೇ ಶಸ್ತ್ರಚಿಕಿತ್ಸೆಯಾಯಿತು. ವಾರ್ಡಿಗೆ ಬಂದ ವೈದ್ಯೆಗೆ ಅವನು, "ಕೊನೆಗೂ ಆರು ಜನರ ಕಡೆಗೇ ಸೇರ್ಕೊಂಡೆ ನೋಡಿ," ಎಂದ. ಅವಳು ನಗಲಿಲ್ಲ.

ಏಳನೇ ವಾರ ಮತ್ತೆ ಏಣಿ ಹತ್ತಿದ. ಅಂಜಿದಂತೆಯೇ ಅವನ ಕ್ರೇನು ಇನ್ನೊಬ್ಬನ ಕೈಗೆ ಹೋಗಿತ್ತು. ಹಳೆಯದೊಂದು ಸಿಕ್ಕಿತು, ಅದೂ ಮಧ್ಯಾಹ್ನದ ಪಾಳಿಗೆ. ಮೂತ್ರ ಮಾತ್ರ ಸರಾಗವಾಗಿತ್ತು.

ಕೊನೆಯ ತಪಾಸಣೆಯಲ್ಲಿ ವೈದ್ಯೆ ಕೇಳಿದಳು: "ನಿಮ್ಮಂಥೋರು ಬಂದಾಗ ತೋರಿಸೋಕೆ ನಿಮ್ಮ ಸ್ಕ್ಯಾನಿನ ಚಿತ್ರ ಇಟ್ಕೊಳ್ಳಲಾ? ಹೆಸರು ಹಾಕಲ್ಲ."

"ಇಟ್ಕೊಳ್ಳಿ," ಎಂದ ಅವನು. "ಆದ್ರೆ ನನ್ನ ಭಾಮೈದನ ಚಿತ್ರದ ಪಕ್ಕ ಮಾತ್ರ ಇಡ್ಬೇಡಿ."