ಇಪ್ಪತ್ತನೆಯ ಹಾಳೆ

“ಉಜ್ಜಬೇಡ, ಬಿಡಮ್ಮ. ಅದು ಹೋಗೋ ಮಸಿಯಲ್ಲ.”

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತಾಯಿಯ ಉಗುರುಗಳನ್ನು ಒಂದೊಂದಾಗಿ ಒರೆಸುತ್ತಿದ್ದ ಮಗಳು ತಲೆಯೆತ್ತಿದಳು. “ಇವತ್ತೊಂದು ದಿನವಾದರೂ ಅಮ್ಮನ ಕೈ ಚೊಕ್ಕಟವಾಗಿರಲಿ ಅಂತ, ಮಾವ.”

“ಹಾಗೆ ಕಳಿಸಿದರೆ ಅಲ್ಲಿ ಅವಳನ್ನ ಯಾರೂ ಗುರುತು ಹಿಡಿಯಲ್ಲ.”

ಮಗಳಿಗೆ ಅಳುವಿನ ನಡುವೆಯೇ ನಗು ಬಂತು. ಬಟ್ಟೆಯನ್ನು ಪಕ್ಕಕ್ಕಿಟ್ಟಳು.

ಎದೆಯವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದವಳು ಆ ಮಾವನ ಅಕ್ಕ. ಊರಿಗೆಲ್ಲ ಅಚ್ಚಮ್ಮ. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಇಳಿಸುವುದನ್ನು ಬಿಟ್ಟು ಬೇರೇನನ್ನೂ ಮಾಡಿದವಳಲ್ಲ. ಅವಳ ಅಚ್ಚಿನ ಯಂತ್ರದ ಚಕ್ರವನ್ನು ಐವತ್ತು ವರ್ಷ ತಿರುಗಿಸಿದ ತಮ್ಮನಿಗೆ ಚಕ್ರದಣ್ಣ ಎಂದೇ ಹೆಸರು. ನಾಲ್ಕು ಗಂಟೆಗೆ ಮಸಣಕ್ಕೆ ಹೊರಡುವುದೆಂದು ಹಿರಿಯರು ಹೇಳಿಯಾಗಿತ್ತು.

“ನನ್ನ ಮದುವೆಗೆ ಕರೆದಿದ್ದೆ,” ಎಂದ ಚಿತ್ರಗಳಿಗೆ ಕಟ್ಟು ಹಾಕುವವನು. “ಮಸಿ ಒಣಗುತ್ತೆ, ಆಮೇಲೆ ಬರ್ತೀನಿ ಅಂದಳು. ಬಂದಾಗ ನಮ್ಮ ಮಗು ಅಂಬೆಗಾಲಿಡ್ತಿತ್ತು.”

“ಬಂದಳಲ್ಲ, ಪುಣ್ಯ!” ಎಂದಳು ಪಕ್ಕದ ಮನೆಯ ಅಜ್ಜಿ. “ನಮ್ಮ ಗೋಡೆ ಮೇಲೆ ಅವಳ ಹುಂಜ ಇದೆ. ನಮ್ಮೆಜಮಾನರು ಬೆಳಗ್ಗೆ ಎದ್ದು ನನ್ನ ಮುಖ ನೋಡ್ತಿರಲಿಲ್ಲ, ಅದನ್ನೇ ನೋಡ್ತಿದ್ದರು.”

ಕಟ್ಟು ಹಾಕುವವನು ಎದ್ದು ಹಿಂದಿನ ಕೆಲಸದ ಕೋಣೆಗೆ ಹೋಗಿ ಬಂದು, ಚಕ್ರದಣ್ಣನ ಪಕ್ಕದಲ್ಲಿ ಕೂತ. “ಹಗ್ಗದ ಮೇಲೆ ಒಣಹಾಕಿದ ಹಾಳೆ ಹತ್ತೊಂಬತ್ತೇ ಇವೆಯಲ್ಲ?”

ಚಕ್ರದಣ್ಣನಿಗೆ ಅದು ಗೊತ್ತಿಲ್ಲದೆ ಇರಲಿಲ್ಲ. ನಿನ್ನೆಯಿಂದ ಅವನ್ನು ಮತ್ತೆ ಮತ್ತೆ ಎಣಿಸಿದ್ದ. ಯಾವ ಚಿತ್ರವನ್ನೇ ಆಗಲಿ, ಎಷ್ಟು ಪ್ರತಿ ತೆಗೆಯುವುದೆಂದು ಅಕ್ಕ ಮೊದಲೇ ನಿಶ್ಚಯಿಸಿ, ಎಷ್ಟರಲ್ಲಿ ಎಷ್ಟನೆಯದೆಂದು ಪ್ರತಿಯೊಂದರ ಕೆಳಗೂ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದಳು. ಕೊನೆಯದು ಬಂದ ಮೇಲೆ, ಮತ್ತೆ ಯಾರೂ ಅಚ್ಚು ಹಾಕದಂತೆ ಹಲಗೆಯ ಮೇಲೆ ಉಳಿಯಿಂದ ಮೂಲೆಯಿಂದ ಮೂಲೆಗೆ ಗೀರು ಎಳೆಯುತ್ತಿದ್ದಳು. ಈ ಸಲ ಇಪ್ಪತ್ತು ಎಂದಿದ್ದಳು. ಹತ್ತೊಂಬತ್ತಾದ ಮೇಲೆ, “ಸ್ವಲ್ಪ ಕೂರ್ತೀನಿ ಕಣೋ,” ಎಂದು ಕೂತವಳು ಏಳಲಿಲ್ಲ.

“ರಬ್ಬರ್ ತಗೊಂಡು ಇಪ್ಪತ್ತನ್ನ ಹತ್ತೊಂಬತ್ತು ಮಾಡಿದರಾಯ್ತು. ಯಾರಿಗೆ ಗೊತ್ತಾಗುತ್ತೆ?”

“ಮೆಲ್ಲಗೆ ಮಾತಾಡು. ಅವಳಿನ್ನೂ ಮನೆಯಲ್ಲೇ ಇದ್ದಾಳೆ.”

“ಹಾಗಾದರೆ ನೀನೇ ಹಾಕು. ಮಸಿ ಮುಟ್ಟಿದ್ದುಂಟಾ?”

“ಇಲ್ಲ,” ಎಂದ ಚಕ್ರದಣ್ಣ. ಗಡಿಯಾರದಲ್ಲಿ ಎರಡೂವರೆ.

*

ಅವಳ ಕೈ ಮಸಿಗೆ, ಅವನ ಕೈ ಕಾಗದಕ್ಕೆ. ಮೊದಲ ದಿನವೇ ಹಾಗೆಂದು ಗೊತ್ತುಮಾಡಿಕೊಂಡಿದ್ದರು. ಅವನು ಚಕ್ರ ತಿರುಗಿಸಿ, ಹಾಳೆಯನ್ನು ಎತ್ತಿ, ಹಿಂದೆ ನೋಡದೆಯೇ ಕೈ ಚಾಚುತ್ತಿದ್ದ. ಅವಳು ಕಾಗದದ ಚೂರುಗಳನ್ನು ಬೆರಳಿಗೆ ಅಡ್ಡ ಹಿಡಿದು ಅದನ್ನು ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಒಡ್ಡಿ, “ಹ್ಞೂಂ,” ಎನ್ನುತ್ತಿದ್ದಳು. ಆ ‘ಹ್ಞೂಂ’ ಬಂದರೆ ಅವನಿಗೆ ಅಷ್ಟೇ ಸಾಕಿತ್ತು.

ಮೊದಲ ಹಲಗೆಯಲ್ಲಿ ಅವಳು ಕೆತ್ತಿದ್ದು ಮನೆಯ ಮುಂದಿನ ಬೀದಿಯನ್ನೇ: ನಲ್ಲಿ, ಚಮ್ಮಾರನ ಮೆಟ್ಟಿಲು, ವಾಲಿದ ದೀಪದ ಕಂಬ.

“ಅಕ್ಕಾ, ಕಂಬ ಇರೋದು ಎಡಗಡೆ. ನೀನು ಬಲಗಡೆ ಕೆತ್ತಿದ್ದೀಯ!”

“ಕಾಗದಕ್ಕೆ ಇಳಿದಾಗ ಎಡಕ್ಕೆ ಬರುತ್ತೆ, ದಡ್ಡ. ನಾನು ಆ ಕಡೆಯಿಂದ ನೋಡಬೇಕು.” ಉಳಿಯ ತುದಿಯ ಪುಡಿ ಊದಿ ಮೆತ್ತಗೆ ಸೇರಿಸಿದಳು: “ದೇವರೂ ನಮ್ಮನ್ನ ಆ ಕಡೆಯಿಂದಲೇ ನೋಡೋದು ಕಣೋ.”

ಐವತ್ತು ವರ್ಷದ ಮೇಲೆ, ಈ ಕೊನೆಯ ಹಲಗೆಯಲ್ಲೂ ಅದೇ ಬೀದಿಯನ್ನು ಕೆತ್ತಿದ್ದಳು.

*

ಕೆಲಸದ ಕೋಣೆಯಲ್ಲಿ, ಒದ್ದೆ ಬಟ್ಟೆಯ ಮಡಿಕೆಯೊಳಗೆ ಒಂದೇ ಒಂದು ಹಾಳೆ ಉಳಿದಿತ್ತು. ಮಸಿ ಚೆನ್ನಾಗಿ ಹಿಡಿಯಲೆಂದು ಅಕ್ಕ ಎಣಿಸಿ ಇಪ್ಪತ್ತನ್ನೇ ನೆನೆಸಿದ್ದಳು. ಇದು ಕೆಟ್ಟರೆ ಹಗ್ಗದ ಮೇಲಿನ ಹತ್ತೊಂಬತ್ತರಲ್ಲೂ ಅವಳ ಕೈಬರಹ ಸುಳ್ಳಾಗುತ್ತದೆ.

ಚಕ್ರದಣ್ಣ ಕಲ್ಲಿನ ಮೇಲೆ ಮಸಿ ಹಾಕಿ ಉರುಳೆ ಉರುಳಿಸಿದ. ಮಸಿ ಪಚಪಚ ಎಂದು ಅಂಟಿತು, ಬೆರಳುಗಳೆಲ್ಲ ಕಪ್ಪಾದವು. ಹೆಚ್ಚಾದರೆ ಸಣ್ಣ ಗೆರೆಗಳು ಮುಳುಗಿಹೋಗುತ್ತವೆ, ಕಡಿಮೆಯಾದರೆ ಬೀದಿ ಬೋಳಾಗುತ್ತದೆ. ಎಷ್ಟಿರಬೇಕೆಂದು ಅವನು ಕಣ್ಣಾರೆ ಕಂಡವನೇ ಅಲ್ಲ. ಅವಳು ಮಸಿ ಹದ ಮಾಡುವಾಗಲೆಲ್ಲ ಅವನ ಬೆನ್ನು ಅವಳ ಕಡೆಗಿರುತ್ತಿತ್ತು.

ಬೆನ್ನು! ಅವನು ಕಣ್ಣು ಮುಚ್ಚಿದ. ಮತ್ತೆ ಉರುಳಿಸಿದ, ಒಂದಿಷ್ಟು ಮಸಿ ಕೆರೆದು ತೆಗೆದ, ಮತ್ತೆ ಉರುಳಿಸಿದ. ಪಚಪಚ ಹೋಗಿ, ಒಣಗಿದ ಎಲೆಗಳ ಮೇಲೆ ಗಾಳಿ ಹಾದಂಥ ಸಣ್ಣ ಸರಸರ ಕೇಳಿಸಿತು. ಐವತ್ತು ವರ್ಷ ಬೆನ್ನ ಹಿಂದೆ ಕೇಳಿದ್ದ ಸದ್ದು ಅದು.

ಹಲಗೆಗೆ ಮಸಿ ಬಳಿದ. ಸೋಪು ಹಚ್ಚಿ ಕೈ ತೊಳೆದರೂ ಕಪ್ಪು ಪೂರ್ತಿ ಹೋಗಲಿಲ್ಲ; ಕಾಗದದ ಚೂರು ಅಡ್ಡ ಹಿಡಿದೇ ಹಾಳೆ ಹಾಸಿ, ಚಕ್ರ ತಿರುಗಿಸಿದ. ಎತ್ತಿ ನೋಡಿದರೆ ನಲ್ಲಿಯ ತುದಿಯ ಹನಿಯೂ ಮೂಡಿತ್ತು. ಕೆಳಗೆ ಪೆನ್ಸಿಲ್‌ನಲ್ಲಿ ಇಪ್ಪತ್ತರಲ್ಲಿ ಇಪ್ಪತ್ತು ಎಂದು ಬರೆದು, ಹೆಸರಿನ ಜಾಗ ಖಾಲಿ ಬಿಟ್ಟ. ಆಮೇಲೆ ಉಳಿ ತೆಗೆದುಕೊಂಡು, ಹಲಗೆಯ ಮೂಲೆಯಿಂದ ಮೂಲೆಗೆ ಗೀರು ಎಳೆದ.

“ಮಾವ, ಹೊತ್ತಾಯ್ತು!” ಎಂದು ಮಗಳು ಕೂಗಿದಳು.

ಹಾಳೆ ಹಿಡಿದು ಮುಂದಿನ ಕೋಣೆಗೆ ಬಂದ. ಎಲ್ಲರೂ ದಾರಿ ಬಿಟ್ಟರು. ಅಕ್ಕನ ಪಕ್ಕ ನಿಂತು, ಎಂದಿನಂತೆ ಕೈ ಚಾಚಿದ. ಎಂದಿನಂತೆಯೇ ಬಿಟ್ಟುಬಿಟ್ಟ.

ಹಾಳೆ ಬೋರಲಾಗಿ ಅವಳ ಎದೆಯ ಮೇಲೆ ಬಿತ್ತು. ಜಾರುತ್ತಿದ್ದುದನ್ನು ಮಗಳು ಗಾಬರಿಯಿಂದ ಎರಡೂ ಅಂಗೈಗಳಲ್ಲಿ ಒತ್ತಿ ಹಿಡಿದಳು.

“ಅಯ್ಯೋ, ಹಸಿ ಮಸಿ!” ಎಂದ ಕಟ್ಟು ಹಾಕುವವನು.

ಮೆಲ್ಲನೆ ಎತ್ತಿದರು. ಹಾಳೆಗೇನೂ ಆಗಿರಲಿಲ್ಲ. ಬಿಳಿ ಬಟ್ಟೆಯ ಮೇಲೆ ಮಾತ್ರ ಬೂದುಬಣ್ಣದ ಒಂದು ಬೀದಿ ಮೂಡಿತ್ತು.

“ಬೇರೆ ಬಟ್ಟೆ ತರಲಾ?” ಎಂದಳು ಅಜ್ಜಿ.

ಮಗಳು ಮಾವನ ಕಪ್ಪು ಬೆರಳುಗಳನ್ನು ನೋಡಿದಳು. “ಬೇಡ ಅಜ್ಜಿ. ಇದೇ ಇರಲಿ.”

ನಾಲ್ಕು ಜನ ಹೆಗಲು ಕೊಟ್ಟರು; ಮುಂದಿನ ಒಂದು ಮೂಲೆ ಚಕ್ರದಣ್ಣನದು. ಬಾಗಿಲು ದಾಟಿದಾಗ ದೀಪದ ಕಂಬ ಎಂದಿನಂತೆ ಎಡಗಡೆ ವಾಲಿಕೊಂಡು ನಿಂತಿತ್ತು. ಅವಳ ಎದೆಯ ಮೇಲಿನ ಬೀದಿಯಲ್ಲಿ ಅದು ಬಲಗಡೆ ಇತ್ತು.